ನಿಮಗಿದು ಗೊತ್ತೇ? ಕಾರ್ಪೆಟ್ಟಿನ ಅಡಿಯಲ್ಲಿ ಇನ್ನೊಂದು ಹಾಸು

ಇಂಗ್ಲೆಂಡಿನ ಮನೆಯೊಂದಕ್ಕೆ ಮೊದಲ ಸಲ ಕಾಲಿಟ್ಟ ನಮ್ಮೂರಿನವರು ಹೇಳುವ ಮಾತು, ‘ನೆಲ ಎಷ್ಟು ಮೆತ್ತಗಿದೆ!’ ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿಗೆ ಆ ಹೊಗಳಿಕೆ ಸಲ್ಲುತ್ತದೆ. ಆದರೆ ಆ ಮೆದುವಿನ ಬಹುಪಾಲು ಬರುವುದು ಅದರಡಿ ಯಾರ ಕಣ್ಣಿಗೂ ಬೀಳದೆ ಮಲಗಿರುವ ಇನ್ನೊಂದು ಹಾಸಿನಿಂದ. ಬ್ರಿಟನ್ನಿನವರು ಅದನ್ನು ಅಂಡರ್‌ಲೇ ಎನ್ನುತ್ತಾರೆ, ಅಮೆರಿಕದವರು ಪ್ಯಾಡ್ ಎನ್ನುತ್ತಾರೆ, ನಾವು ಅಡಿಹಾಸು ಎನ್ನೋಣ. ಅಲ್ಲಿ ಹೊಸದಾಗಿ ಮನೆ ಕೊಳ್ಳುವ ನಮ್ಮ ಮಕ್ಕಳು ಕಾರ್ಪೆಟ್ಟಿನ ಬಣ್ಣಕ್ಕಾಗಿ ಮೂರು ಭಾನುವಾರ ಅಂಗಡಿ ಸುತ್ತುತ್ತಾರೆ. ಅಡಿಹಾಸಿನ ಮಾತು ಬಂದಾಗ ‘ಯಾವುದಾದರೂ ಹಾಕಿ’ ಎಂದುಬಿಡುತ್ತಾರೆ. ಕಂಡು ಬೇಸರವಾಗಿದೆ. ಈ ಸಲದ ಅಂಕಣ ಪೂರ್ತಿ ಆ ಕೆಳಪದರಕ್ಕೇ ಮೀಸಲು.

● ಹಾಸಿನ ಕೆಳಗೊಂದು ಹಾಸು ಎಂಬುದು ನಮಗೆ ಹೊಸದೇನಲ್ಲ. ನೆಲಕ್ಕೆ ಚಾಪೆ, ಚಾಪೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಹಾಸಿಗೆ ಎಂದು ಅಜ್ಜಿ ಹಾಸುತ್ತಿದ್ದ ಕ್ರಮದಲ್ಲೇ ಅಡಿಹಾಸಿನ ಮೂರು ಕೆಲಸಗಳೂ ಇದ್ದವು: ನೆಲದ ಥಂಡಿ ಮೈಗೆ ತಾಗಬಾರದು, ಉಬ್ಬುತಗ್ಗು ಒತ್ತಬಾರದು, ಮೇಲಿನ ಬಟ್ಟೆ ಬೇಗ ಸವೆಯಬಾರದು.

● ರಬ್ಬರು, ಫೋಮು ಬರುವ ಮೊದಲು ಅಮೆರಿಕದ ರೈತರ ಮನೆಗಳಲ್ಲಿ ಕಾರ್ಪೆಟ್ಟಿನಡಿ ಒಣಹುಲ್ಲು ಹರಡುತ್ತಿದ್ದರು. ಲಾರಾ ಇಂಗಲ್ಸ್ ವೈಲ್ಡರ್ ತನ್ನ ಗಂಡನ ಬಾಲ್ಯವನ್ನು ಆಧರಿಸಿ ಬರೆದು, 1933ರಲ್ಲಿ ಪ್ರಕಟಿಸಿದ ‘ಫಾರ್ಮರ್ ಬಾಯ್’ ಪುಸ್ತಕದಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಮನೆ ಶುಚಿಯಾಗುವ ದಿನಗಳ ವಿವರವಿದೆ. ಕಾರ್ಪೆಟ್ ಎತ್ತುವುದು, ಅಡಿಯ ಹಳೆಹುಲ್ಲು ತೆಗೆಯುವುದು, ಹೊಸ ಹುಲ್ಲು ಹರಡಿ ಮತ್ತೆ ಕಾರ್ಪೆಟ್ ಎಳೆದು ಮೊಳೆ ಹೊಡೆಯುವುದು. ನಮ್ಮಲ್ಲಿ ಯುಗಾದಿಗೆ ಮುನ್ನ ಮನೆ ತೊಳೆದು ಸುಣ್ಣ ಬಳಿಯುವ ಹಾಗೆ, ಮನೆಮಂದಿಯೆಲ್ಲ ಕೈಹಚ್ಚುವ ಕೆಲಸ ಅದು.

● ಅದಕ್ಕೂ ಹಿಂದೆ, ಕಾರ್ಪೆಟ್ಟೇ ಇಲ್ಲದ ಕಾಲದಲ್ಲಿ, ಇಂಗ್ಲೆಂಡಿನ ಮನೆಗಳ ಮಣ್ಣುನೆಲಕ್ಕೆ ಜೊಂಡುಹುಲ್ಲು ಹಾಸುತ್ತಿದ್ದರು. ಹದಿನಾರನೆಯ ಶತಮಾನದ ಡಚ್ ವಿದ್ವಾಂಸ ಇರಾಸ್ಮಸ್ ಒಂದು ಪತ್ರದಲ್ಲಿ ಇದನ್ನು ಕಟುವಾಗಿ ದೂರಿದ್ದಾನೆ. ಮೇಲಿನ ಹುಲ್ಲನ್ನು ಆಗಾಗ ಬದಲಿಸುತ್ತಾರೆ, ಕೆಳಪದರವನ್ನು ಇಪ್ಪತ್ತು ವರ್ಷ ಮುಟ್ಟುವುದೇ ಇಲ್ಲ ಎಂಬುದು ಅವನ ತಕರಾರು. ಐನೂರು ವರ್ಷ ಕಳೆದರೂ ಆ ಮಾತು ಹಳತಾಗಿಲ್ಲ. ಹೊಸ ಕಾರ್ಪೆಟ್ ಕೊಂಡು ಹಳೆಯ ಅಡಿಹಾಸಿನ ಮೇಲೇ ಹಾಸಿಸುವವರು ಇಂದಿಗೂ ಇದ್ದಾರೆ.

● ಹಾಗೆ ಹಾಸಿದರೆ ಏನಾಗುತ್ತದೆ? ಹಳೆಯ ಅಡಿಹಾಸಿನಲ್ಲಿ ಹಳೆಯ ನಡಿಗೆ ಅಚ್ಚಾಗಿರುತ್ತದೆ. ಬಾಗಿಲಿಂದ ಸೋಫಾಕ್ಕೆ, ಸೋಫಾದಿಂದ ಅಡುಗೆಮನೆಗೆ ಹೋದ ದಾರಿಗಳು ಅದರಲ್ಲಿ ತಗ್ಗಾಗಿ ಉಳಿದಿರುತ್ತವೆ. ಹೊಸ ಕಾರ್ಪೆಟ್ಟು ಕೆಲವೇ ತಿಂಗಳಲ್ಲಿ ಆ ತಗ್ಗುಗಳಿಗೆ ಇಳಿಯುತ್ತದೆ. ಹೊಸ ಹಾಸಿನ ಮೇಲೆ ಹಳೆ ದಾರಿ ಮೂಡುತ್ತದೆ.

● ಬ್ರಿಟನ್ನಿನ ಹಳೆಮನೆಗಳಲ್ಲಿ ಕಾರ್ಪೆಟ್ ಎತ್ತಿದರೆ ದಶಕಗಳ ಹಿಂದಿನ ಸುದ್ದಿಪತ್ರಿಕೆ ಸಿಗುವುದುಂಟು. ಹಲಗೆನೆಲದ ಸಂದುಗಳಿಂದ ಗಾಳಿ, ಧೂಳು ಮೇಲೆ ಬಾರದಿರಲೆಂದು ಹಾಸಿದ ಕಾಗದ ಅದು. ಇಂದಿಗೂ ಹಲಗೆನೆಲವಿದ್ದರೆ ಅಡಿಹಾಸಿನ ಕೆಳಗೆ ದಪ್ಪ ಕಾಗದ ಹಾಸುವುದು ಒಳ್ಳೆಯ ಅಭ್ಯಾಸ.

● ಗೋಡೆಯ ಬುಡದಲ್ಲಿ ತಿಳಿಬಣ್ಣದ ಕಾರ್ಪೆಟ್ಟಿನ ಅಂಚಿಗುಂಟ ಕಪ್ಪುಗೆರೆ ಮೂಡಿದ್ದನ್ನು ನೋಡಿದ್ದೀರಾ? ಗುಡಿಸಿದ್ದು ಸಾಲದೆಂದು ಮನೆಯೊಡತಿಯನ್ನು ದೂರಬೇಡಿ. ಹಲಗೆನೆಲದ ಕೆಳಗೆ ಗಾಳಿಯಾಡಲು ಬಿಟ್ಟ ಖಾಲಿ ಜಾಗವಿರುತ್ತದೆ. ಅಲ್ಲಿನ ಗಾಳಿ ಗೋಡೆ ಮತ್ತು ನೆಲದ ಸಂದಿನಿಂದ ನುಗ್ಗುವಾಗ ಕಾರ್ಪೆಟ್ಟು ಜರಡಿಯಾಗುತ್ತದೆ. ಮಸಿ, ಧೂಳಿನ ಸೂಕ್ಷ್ಮ ಕಣಗಳು ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮನೆಯಲ್ಲಿ ಮೇಣದ ಬತ್ತಿ ಹೆಚ್ಚು ಉರಿಸಿದರೆ ಗೆರೆ ಇನ್ನಷ್ಟು ಗಾಢ. ಕಾರ್ಪೆಟ್ ಹಾಸುವ ಮೊದಲೇ ಆ ಸಂದನ್ನು ಮುಚ್ಚುವುದೊಂದೇ ಮದ್ದು. ಮೂಡಿದ ಮೇಲೆ ಅದನ್ನು ತೊಳೆದು ತೆಗೆಯುವುದು ಬಹಳ ಕಷ್ಟ.

● ಕಾರ್ಪೆಟ್ಟಿನ ಬೆನ್ನಿಗೆ, ಅಡಿಹಾಸಿನ ಮೈಗೆ ಬಹುಕಾಲ ಆಸರೆಯಾಗಿದ್ದು ನಮ್ಮ ಗೋಣಿತಾಟು. ಬಂಗಾಳದ ಸೆಣಬು ಹಡಗು ಹತ್ತಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣಕ್ಕೆ ಹೋಗುತ್ತಿತ್ತು. ಒರಟು ನಾರು ಯಂತ್ರಕ್ಕೆ ಬಗ್ಗುತ್ತಿರಲಿಲ್ಲ. 1830ರ ದಶಕದಲ್ಲಿ ಅಲ್ಲಿನವರು ತಿಮಿಂಗಿಲದ ಎಣ್ಣೆಯಲ್ಲಿ ನೆನೆಸಿ ಅದನ್ನು ಮೆದುಮಾಡುವುದನ್ನು ಕಂಡುಕೊಂಡರು. ಡಂಡೀ ತಿಮಿಂಗಿಲ ಬೇಟೆಯ ಬಂದರೂ ಆಗಿದ್ದರಿಂದ ಎಣ್ಣೆಗೆ ಬರವಿರಲಿಲ್ಲ. ಬಂಗಾಳದ ಗದ್ದೆಯ ನಾರು, ಧ್ರುವದ ಕಡಲಿನ ಎಣ್ಣೆ ಸೇರಿ ಆದ ಬಟ್ಟೆಯ ಮೇಲೆ ಅರ್ಧ ಜಗತ್ತು ನಡೆದಾಡಿತು. 1960ರ ದಶಕದಿಂದೀಚೆಗೆ ಆ ಜಾಗಕ್ಕೆ ಪಾಲಿಪ್ರೊಪಿಲೀನ್ ಬಂತು.

● ಗೋಣಿಯ ಕಥೆಗೆ ಕರಾಳವಾದ ಒಂದು ಪುಟವಿದೆ. ಆಸ್ಟ್ರೇಲಿಯಾದಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ತುಂಬಿ ತಂದ ಗೋಣಿಚೀಲಗಳನ್ನು ಖಾಲಿ ಮಾಡಿದ ಮೇಲೆ ಎಸೆಯುತ್ತಿರಲಿಲ್ಲ. ಅವನ್ನು ಸಿಗಿದು, ನಾರು ಬಿಡಿಸಿ, ಕಾರ್ಪೆಟ್ಟಿನ ಅಡಿಹಾಸು ಮಾಡಿ ಮಾರುತ್ತಿದ್ದರು. 1970ರ ದಶಕಕ್ಕೂ ಮುಂಚಿನ ಮನೆಗಳಲ್ಲಿ ಅಂಥ ಹಾಸು ಇನ್ನೂ ಇರಬಹುದೆಂದು ಅಲ್ಲಿನ ಆರೋಗ್ಯ ಅಧಿಕಾರಿಗಳು ಎಚ್ಚರಿಸುತ್ತಾರೆ. ಮುಟ್ಟದೆ ಬಿಟ್ಟಷ್ಟು ದಿನ ಅಪಾಯ ಕಡಿಮೆ. ಮನೆ ನವೀಕರಿಸುವ ಹುಮ್ಮಸ್ಸಿನಲ್ಲಿ ಎಳೆದು, ಜಾಡಿಸಿ, ಗುಡಿಸಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೇರಿ ಶ್ವಾಸಕೋಶಕ್ಕೆ ಇಳಿಯುತ್ತವೆ. ಹಳೆಯ ಮನೆ ಕೊಂಡು, ರಜೆಯ ದಿನ ತಾವೇ ಕಾರ್ಪೆಟ್ ಕೀಳಲು ಹೊರಡುವ ಮೆಲ್ಬರ್ನಿನ, ಸಿಡ್ನಿಯ ಕನ್ನಡಿಗರೇ, ಒಂದು ಕ್ಷಣ ನಿಲ್ಲಿ. ಅಡಿಹಾಸು ಹಳೆಯ ನಾರಿನದಾಗಿ ಕಂಡರೆ, ಬಲ್ಲವರಿಂದ ಪರೀಕ್ಷೆ ಮಾಡಿಸುವವರೆಗೆ ಅದನ್ನು ಅಲುಗಿಸಬೇಡಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

● ಫೆಲ್ಟ್ ಎಂಬ ಅಡಿಹಾಸಿಗೆ ಮಗ್ಗವೇ ಬೇಡ. ಉಣ್ಣೆಯ ಕೂದಲ ಮೇಲೆ ಮೀನಿನ ಮೈಯಂತೆ ಹುರುಪೆಗಳಿರುತ್ತವೆ. ನೀರು, ಬಿಸಿ, ಒತ್ತಡ ಕೊಟ್ಟು ಉಜ್ಜಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾರದ ಹಾಳೆಯಾಗುತ್ತದೆ. ನಮ್ಮ ಕುರುಬರ ಕಂಬಳಿ ಬೇರೆ. ಅದು ನೂಲು ತೆಗೆದು ಮಗ್ಗದಲ್ಲಿ ನೆಯ್ದು, ಹುಣಸೆಬೀಜದ ಗಂಜಿ ಹಚ್ಚಿ ಬಿಗಿಮಾಡಿದ ಬಟ್ಟೆ.

● ಉಣ್ಣೆ, ಕುದುರೆಕೂದಲು ಸೇರಿದ ಹಳೆಯ ಫೆಲ್ಟ್ ಹಾಸನ್ನು ಬಟ್ಟೆ ಪತಂಗ ತಿನ್ನುತ್ತದೆ ಎನ್ನುತ್ತಾರೆ. ಹಾರುವ ಪತಂಗ ಏನನ್ನೂ ತಿನ್ನುವುದಿಲ್ಲ. ತಿನ್ನುವುದು ಅದರ ಮರಿಹುಳು, ಅದಕ್ಕೆ ಬೇಕಾದದ್ದು ಕೂದಲಿನ ಕೆರಾಟಿನ್. ಮಂಚದಡಿ, ಬೀರುವಿನಡಿ, ಬೆಳಕು ಬೀಳದ, ಯಾರೂ ಗುಡಿಸದ ಮೂಲೆಯಲ್ಲಿ ಅದರ ಸಂಸಾರ. ರಬ್ಬರು, ಫೋಮು ಅದಕ್ಕೆ ಆಹಾರವಲ್ಲ.

● ದೋಸೆ ಕಾವಲಿಯ ಬದಲು ವೇಫಲ್ ಅಚ್ಚಿನಲ್ಲಿ ಒತ್ತಿದಂತೆ ಗುಳಿಗುಳಿಯಾಗಿ ಕಾಣುವ ರಬ್ಬರ್ ಅಡಿಹಾಸು ಬ್ರಿಟನ್ನಿನಲ್ಲಿ ದಶಕಗಟ್ಟಲೆ ಮೆರೆಯಿತು. ಆ ಗುಳಿಗಳ ಮುಖ ನೆಲಕ್ಕೆ, ಕಾಗದ ಅಥವಾ ಬಟ್ಟೆ ಅಂಟಿಸಿದ ಮುಖ ಮೇಲಕ್ಕೆ ಬರಬೇಕು. ತಿರುಗುಮುರುಗಾದರೆ ಕಾರ್ಪೆಟ್ ಎಳೆಯುವಾಗ ರಬ್ಬರಿಗೆ ಕಚ್ಚಿಕೊಂಡು ಸರಿಯುವುದೇ ಇಲ್ಲ. ಈ ರಬ್ಬರಿಗೆ ತೂಕ ಬರಲೆಂದು ಸೀಮೆಸುಣ್ಣದ ಪುಡಿ ಬೆರೆಸುವುದುಂಟು. ವರ್ಷ ಕಳೆದಂತೆ ರಬ್ಬರು ಗಾಳಿಯ ಆಮ್ಲಜನಕಕ್ಕೆ ಸೋತು ಜಿಗುಟು ಕಳೆದುಕೊಂಡು ಪುಡಿಯಾಗುತ್ತದೆ. ಮಗಳು ಬಾಡಿಗೆಗಿದ್ದ ಇಂಗ್ಲೆಂಡಿನ ಮನೆಯಲ್ಲಿ ಮೆಟ್ಟಿಲ ಬಳಿಯ ಕಾರ್ಪೆಟ್ ಎತ್ತಿದ ದಿನ ನಾನೂ ಅಲ್ಲಿದ್ದೆ. ಅಡಿಯಲ್ಲಿ ಹಾಸೇ ಇರಲಿಲ್ಲ. ಬೂದುಬಣ್ಣದ ಪುಡಿ, ಅದರ ಮೇಲೆ ಜಾಲರಿಯಂಥ ಬಟ್ಟೆ, ಅಷ್ಟೇ. ಎಷ್ಟೋ ಕಾಲದಿಂದ ಆ ಮನೆಯವರು ಪುಡಿಯ ಮೇಲೆ ನಡೆದಾಡಿದ್ದರು.

● ಲಾರಿ, ಕಾರುಗಳ ಹಳೆ ಟೈರುಗಳನ್ನು ಅರೆದು ಮಾಡಿದ ಅಡಿಹಾಸೂ ಇದೆ. ತೂಕ ಹೆಚ್ಚು, ಜಗ್ಗುವುದು ಕಡಿಮೆ. ಜನ ಸದಾ ಓಡಾಡುವ ಮೊಗಸಾಲೆ, ಮೆಟ್ಟಿಲುಗಳಿಗೆ ನನ್ನ ಮತ ಇದಕ್ಕೇ.

● ರಬ್ಬರ್ ಅಡಿಹಾಸನ್ನು, ರಬ್ಬರ್ ತಳದ ಚಾಪೆಯನ್ನು ವಿನೈಲ್ ನೆಲದ ಮೇಲೆ ಹಾಕಬೇಡಿ. ರಬ್ಬರಿನಲ್ಲಿರುವ ರಾಸಾಯನಿಕಗಳು ವಿನೈಲಿಗೆ ಇಳಿದು ಹಳದಿ, ಕಂದು ಕಲೆ ಮಾಡುತ್ತವೆ. ಆ ಕಲೆ ಮೇಲ್ಮೈಯದಲ್ಲ, ಒಳಗೇ ಕೂತದ್ದು. ಯಾವ ಸೋಪಿಗೂ ಹೋಗುವುದಿಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ವಿನೈಲ್ ಹಾಳೆ ಹಾಸಿದವರಿಗೂ ಈ ಮಾತು ಅನ್ವಯ.

● ಅಮೆರಿಕದ ಮನೆಗಳಲ್ಲಿ ಅತಿ ಸಾಮಾನ್ಯವಾದ ಪ್ಯಾಡ್ ನೋಡಲು ಬಣ್ಣದ ಚೂರುಗಳ ಚಿತ್ತಾರ. ಹಾಸಿಗೆ, ಸೋಫಾ ತಯಾರಿಸುವಾಗ ಕತ್ತರಿಸಿ ಬಿದ್ದ ಫೋಮಿನ ತುಂಡುಗಳನ್ನು ಪುಡಿಮಾಡಿ, ಅಂಟು ಬೆರೆಸಿ, ಒತ್ತಿ, ಸಿಪ್ಪೆ ಸುಲಿದಂತೆ ಹಾಳೆ ತೆಗೆಯುತ್ತಾರೆ. ಕಸ ಕಸವಾಗಿ ಹೋಗದಿರುವುದು ಸಂತೋಷದ ವಿಷಯ. ಆದರೆ ಹಳೆಯ ಸೋಫಾಗಳ ಫೋಮಿನಲ್ಲಿ ಬೆಂಕಿ ಹಿಡಿಯದಿರಲೆಂದು ಪೆಂಟಾಬಿಡಿಇ ಎಂಬ ರಾಸಾಯನಿಕ ಸೇರಿಸುತ್ತಿದ್ದರು. ಅದು ದೇಹದ ಕೊಬ್ಬಿನಲ್ಲಿ ಉಳಿಯುವಂಥದ್ದು. ಅಮೆರಿಕದಲ್ಲಿ ಅದರ ತಯಾರಿಕೆ 2004ರ ಕೊನೆಗೆ ನಿಂತಿತು. ಫೋಮ್ ಮರುಬಳಕೆ ಮಾಡುವ ಕೆಲಸಗಾರರು ಮತ್ತು ಕಾರ್ಪೆಟ್ ಹಾಸುವವರ ರಕ್ತದಲ್ಲಿ ಈ ಬಗೆಯ ರಾಸಾಯನಿಕಗಳು ಸಾಮಾನ್ಯ ಜನರಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದನ್ನು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಳೆಯ ಪ್ಯಾಡ್ ಕಿತ್ತು ಹಾಕುವ ದಿನ ಕಿಟಕಿ ತೆರೆದಿಡಿ, ಬಂದ ಕೆಲಸದವರಿಗೆ ಮಾಸ್ಕ್ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಕೊಡಿ.

● ಹೊಸ ಕಾರ್ಪೆಟ್ಟಿನ ಘಾಟು ಅಡಿಹಾಸಿನದೆಂದು ಹಲವರ ನಂಬಿಕೆ. ಅದರಲ್ಲಿ ದೊಡ್ಡ ಪಾಲು ಕಾರ್ಪೆಟ್ಟಿನ ಬೆನ್ನಿಗೆ ಬಟ್ಟೆ ಅಂಟಿಸಿದ ಲೇಟೆಕ್ಸಿನದು. ಆ ವಾಸನೆಯ ವಸ್ತುವಿಗೆ 4-ಫಿನೈಲ್‌ಸೈಕ್ಲೊಹೆಕ್ಸೀನ್ ಎಂಬ ಉದ್ದದ ಹೆಸರು. ಅತಿ ಅಲ್ಪ ಪ್ರಮಾಣವಿದ್ದರೂ ಮೂಗು ಅದನ್ನು ಹಿಡಿಯುತ್ತದೆ.

● ದಪ್ಪಗಿದ್ದಷ್ಟೂ ಒಳ್ಳೆಯದು ಎಂಬುದು ಅಡಿಹಾಸಿನ ವಿಷಯದಲ್ಲಿ ಅತಿ ದೊಡ್ಡ ತಪ್ಪುತಿಳಿವಳಿಕೆ. ನೋಡಬೇಕಾದ್ದು ಸಾಂದ್ರತೆ. ಅಂಗಡಿಯಲ್ಲಿ ತುಂಡನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ. ಬೆರಳುಗಳು ಸುಲಭವಾಗಿ ಒಂದನ್ನೊಂದು ಮುಟ್ಟಿದರೆ ಆ ಹಾಸು ಮಲಗುವ ಕೋಣೆಗೂ ಸಾಲದು. ಅತಿ ದಪ್ಪ, ಅತಿ ಮೆದು ಹಾಸಿನ ಮೇಲೆ ಪ್ರತಿ ಹೆಜ್ಜೆಗೂ ಕಾರ್ಪೆಟ್ಟು ಬಾಗುತ್ತದೆ. ಬಾಗಿ ಬಾಗಿ ಅದರ ಬೆನ್ನಿನ ಬಟ್ಟೆ ಬಿಡುತ್ತದೆ, ಜೋಡಣೆ ಹರಿಯುತ್ತದೆ, ಗೋಡೆಯಂಚಿನಲ್ಲಿ ಅದನ್ನು ಹಿಡಿದಿಡುವ ಮುಳ್ಳುಪಟ್ಟಿಯ ಹಿಡಿತ ತಪ್ಪುತ್ತದೆ. ಅಮೆರಿಕದ ಕಾರ್ಪೆಟ್ ಉದ್ಯಮದ ಸಂಸ್ಥೆ ಮನೆಗಳಿಗೆ ಹೇಳುವ ಮಿತಿ ಒಂದು ಇಂಚಿನ ಹದಿನಾರರಲ್ಲಿ ಏಳು ಪಾಲು, ಅಂದರೆ ಸುಮಾರು 11 ಮಿ.ಮೀ. ಕುಣಿಕೆ ಎಳೆಗಳ ತೆಳು ಕಾರ್ಪೆಟ್ಟಿಗೆ ಇನ್ನೂ ತೆಳುವಾದ, ಇನ್ನೂ ಗಟ್ಟಿಯಾದ ಹಾಸು ಬೇಕು.

● ಹೆಜ್ಜೆಯ ಭಾರ ಎಷ್ಟು? ಮೈಸೂರು ದಸರೆಗೆ ಬಂದು ತೂಕದ ಸೇತುವೆ ಹತ್ತುವ 5 ಟನ್ನಿನ ಆನೆಯ ನಾಲ್ಕು ಪಾದಗಳ ಮೇಲೆ ಭಾರ ಹಂಚಿಹೋದರೆ, ಒಂದು ಚದರ ಸೆಂಟಿಮೀಟರಿಗೆ ಬೀಳುವುದು ಒಂದು ಕಿಲೋ ಆಸುಪಾಸು. 60 ಕಿಲೋ ತೂಕದ ಹೆಣ್ಣುಮಗಳು ಮೊನಚು ಹಿಮ್ಮಡಿಯ ಚಪ್ಪಲಿ ಹಾಕಿ ನಡೆಯುವಾಗ ಇಡೀ ಭಾರ ಒಂದು ಚದರ ಸೆಂಟಿಮೀಟರಿನ ತುದಿಗೆ ಬಿದ್ದ ಕ್ಷಣ 60 ಕಿಲೋ! ಅಡಿಹಾಸು ತಡೆದುಕೊಳ್ಳಬೇಕಾದ್ದು ಇದನ್ನು. ಮಂಚದ ಕಾಲು, ಊಟದ ಮೇಜಿನ ಕಾಲು ತಿಂಗಳುಗಟ್ಟಲೆ ಒತ್ತುವುದು ಬೇರೆ.

● ರಜಾಯಿಯ ಮೇಲೆ ‘ಟಾಗ್’ ಎಂಬ ಅಂಕಿ ಅಚ್ಚಾಗಿರುವುದನ್ನು ಬ್ರಿಟನ್ನಿನಲ್ಲಿರುವವರು ನೋಡಿರುತ್ತಾರೆ. ಅಡಿಹಾಸಿಗೂ ಅದೇ ಅಳತೆ. ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಲೆಕ್ಕ ಅದು. 1940ರ ದಶಕದಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟ್ ಎಂಬ ಹತ್ತಿಬಟ್ಟೆ ಸಂಶೋಧನಾಲಯ ಇದನ್ನು ರೂಪಿಸಿತು. ಬಟ್ಟೆಗೆ ಇಂಗ್ಲಿಷಿನ ಆಡುಮಾತಿನಲ್ಲಿ ‘ಟಾಗ್ಸ್’ ಎನ್ನುತ್ತಾರೆ, ಅಲ್ಲಿಂದ ಹೆಸರು. ಆ ಸಂಶೋಧನಾಲಯಕ್ಕೆ ಕಟ್ಟಡ ಕೊಳ್ಳಲು ಹಣ ಕೊಟ್ಟ ಸಂಸದ ವಿಲಿಯಂ ಗ್ರೀನ್‌ವುಡ್ ಕೇಳಿದ್ದು ಒಂದೇ, ಅದಕ್ಕೆ ತನ್ನ ಮಗಳು ಶರ್ಲಿಯ ಹೆಸರಿಡಬೇಕೆಂದು.

● ಚಳಿಗೆ ಹೆಚ್ಚು ಟಾಗ್ ಒಳ್ಳೆಯದು. ನೆಲದೊಳಗೇ ಬಿಸಿನೀರಿನ ಕೊಳವೆ ಹಾಯಿಸಿದ ಮನೆಯಲ್ಲಿ ಇದು ತಲೆಕೆಳಗು. ಕೆಳಗಿನ ಬಿಸಿ ಮೇಲೆ ಬರಬೇಕು, ಅಡಿಹಾಸು ಅದನ್ನೇ ತಡೆದರೆ ಹಣ ಮಣ್ಣುಪಾಲು. ಅಂಥ ಮನೆಯಲ್ಲಿ ಕಾರ್ಪೆಟ್ ಮತ್ತು ಅಡಿಹಾಸು ಎರಡರ ಟಾಗ್ ಕೂಡಿಸಿದರೂ 2.5 ದಾಟಬಾರದು ಎಂಬುದು ಬ್ರಿಟನ್ನಿನಲ್ಲಿ ಪಾಲಿಸುವ ಲೆಕ್ಕ. ಅಲ್ಲಿ ಅಂಚಿನ ಪಟ್ಟಿಯನ್ನು ಮೊಳೆ ಹೊಡೆದು ಕೂರಿಸುವ ಹಾಗೂ ಇಲ್ಲ, ಅಂಟಿಸಬೇಕು. ಒಂದು ಮೊಳೆ ಕೊಳವೆಗೆ ಬಿದ್ದರೆ ನೆಲವನ್ನೇ ಅಗೆಯಬೇಕಾದೀತು.

● ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಸಿಗುವ ಫೋಮ್ ಅಡಿಹಾಸಿನ ಸುರುಳಿ 1.37 ಮೀಟರ್ ಅಗಲ, 11 ಮೀಟರ್ ಉದ್ದ, ಒಟ್ಟು 15.07 ಚದರ ಮೀಟರ್. ಈ ವಿಚಿತ್ರ 1.37 ಎಂದರೆ 54 ಇಂಚು. ಅದರ ಅರ್ಧ 27 ಇಂಚು, ಹಳೆಯ ಕಾರ್ಪೆಟ್ ಮಗ್ಗಗಳ ಪಟ್ಟಿಯ ಅಗಲ. ಫ್ಲಾಂಡರ್ಸಿನ ನೇಕಾರರ ಮೊಳದ ಅಳತೆಯೂ 27 ಇಂಚೇ. ಮೀಟರು ಬಂದರೂ ಮೊಳ ಸುರುಳಿಯೊಳಗೆ ಉಳಿದುಕೊಂಡಿದೆ.

● ಗೋಡೆಯಂಚಿನಲ್ಲಿ ಕಾರ್ಪೆಟ್ಟನ್ನು ಕಚ್ಚಿ ಹಿಡಿಯುವ ಮರದ ಪಟ್ಟಿಗೆ ಬ್ರಿಟನ್ನಿನಲ್ಲಿ ಗ್ರಿಪ್ಪರ್ ಎಂದೂ ಅಮೆರಿಕದಲ್ಲಿ ‘ಟ್ಯಾಕ್‌ಲೆಸ್ ಸ್ಟ್ರಿಪ್’ ಎಂದೂ ಹೆಸರು. ಟ್ಯಾಕ್‌ಲೆಸ್ ಎಂದರೆ ಮೊಳೆಯಿಲ್ಲದ್ದು. ಆದರೆ ಅದರ ಮೈತುಂಬ ಮುಳ್ಳುಮೊಳೆಗಳೇ! ಮೊದಲು ಕಾರ್ಪೆಟ್ಟಿನ ಅಂಚನ್ನು ಮಡಿಚಿ ಸುತ್ತಲೂ ಸಣ್ಣ ಮೊಳೆ ಹೊಡೆಯುತ್ತಿದ್ದರು. ಆ ಕೆಲಸ ತಪ್ಪಿಸಿದ್ದಕ್ಕೆ ಈ ಹೆಸರು. ಮುಳ್ಳುಗಳು ಗೋಡೆಯ ಕಡೆಗೆ ವಾಲಿರಬೇಕು. ಗೋಡೆಗೂ ಪಟ್ಟಿಗೂ ನಡುವೆ ಕಾರ್ಪೆಟ್ಟಿನ ದಪ್ಪಕ್ಕಿಂತ ತುಸು ಕಡಿಮೆ ಸಂದು ಬಿಡಬೇಕು, ಕಾರ್ಪೆಟ್ಟಿನ ತುದಿ ಅಲ್ಲಿ ಇಳಿದು ಕೂರುತ್ತದೆ. ಬರಿಗಾಲಲ್ಲಿ ಹೊಸ ನೆಲ ನೋಡಲು ಓಡುವ ಮಕ್ಕಳನ್ನು ಆ ದಿನ ದೂರವಿಡಿ.

● ಅಡಿಹಾಸು ಆ ಪಟ್ಟಿಯವರೆಗೆ ಬಂದು ನಿಲ್ಲಬೇಕು, ಪಟ್ಟಿಯ ಮೇಲೆ ಏರಬಾರದು. ತುಂಡಿಗೆ ತುಂಡು ತಾಗಿಸಿ ಟೇಪು ಹಚ್ಚಬೇಕು, ಒಂದರ ಮೇಲೊಂದು ಹೊದಿಸಬಾರದು. ಹೊದಿಸಿದಲ್ಲಿ ಏಣು ಎದ್ದು ಕಾರ್ಪೆಟ್ಟು ಆ ಗೆರೆಯಲ್ಲೇ ಮೊದಲು ಸವೆಯುತ್ತದೆ. ಅಡಿಹಾಸಿನ ಜೋಡಣೆ ಮತ್ತು ಕಾರ್ಪೆಟ್ಟಿನ ಜೋಡಣೆ ಒಂದೇ ಗೆರೆಗೆ ಬರಬಾರದು. ಫೋಮಿನ ಒಂದು ಮೈಗೆ ನುಣುಪು ಹಾಳೆ ಅಂಟಿಸಿರುತ್ತಾರೆ, ಅದು ಮೇಲಕ್ಕೆ. ಹಲಗೆನೆಲವಾದರೆ ಪಿನ್ನು, ಕಾಂಕ್ರೀಟಾದರೆ ಅಂಟು.

● ಈಗ ಹೇಳುವುದು ಈ ಅಂಕಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಅಡಿಹಾಸಿನ ಮೇಲೆ ಕಾರ್ಪೆಟ್ಟನ್ನು ಬಿಗಿಯಾಗಿ ಎಳೆಯಲು ಫಿಟ್ಟರ್‌ಗಳು ಬಳಸುವ ಸಲಕರಣೆಗೆ ನೀ ಕಿಕರ್ ಎಂದು ಹೆಸರು. ಒಂದು ತುದಿಯಲ್ಲಿ ಹಲ್ಲುಗಳು, ಇನ್ನೊಂದು ತುದಿಯಲ್ಲಿ ಮೆತ್ತೆ. ಹಲ್ಲನ್ನು ಕಾರ್ಪೆಟ್ಟಿಗೆ ಚುಚ್ಚಿ, ಮೆತ್ತೆಗೆ ಮೊಣಕಾಲ ಮೇಲ್ಭಾಗದಿಂದ ಗುದ್ದುತ್ತಾರೆ. ಗಂಟೆಗೆ 120ರಿಂದ 140 ಗುದ್ದು. ಪ್ರತಿ ಗುದ್ದಿನ ಗರಿಷ್ಠ ಬಲ ಸುಮಾರು 3,000 ನ್ಯೂಟನ್, ಅಂದರೆ ಮೈತೂಕದ ನಾಲ್ಕು ಪಟ್ಟಿನ ಹತ್ತಿರ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1990ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಕೊಟ್ಟ ಅಂಕಿ ಓದಿ: ದೇಶದ ದುಡಿಯುವವರಲ್ಲಿ ಕಾರ್ಪೆಟ್ ಹಾಸುವವರು ಶೇ. 0.06ಕ್ಕಿಂತ ಕಡಿಮೆ, ಮೊಣಕಾಲಿನ ಪೆಟ್ಟಿಗಾಗಿ ಪರಿಹಾರ ಕೇಳಿದ ಅರ್ಜಿಗಳಲ್ಲಿ ಅವರ ಪಾಲು ಶೇ. 6.2. ಇರಬೇಕಾದ್ದಕ್ಕಿಂತ 108 ಪಟ್ಟು!

ಪವರ್ ಸ್ಟ್ರೆಚರ್ ಎಂಬ ಇನ್ನೊಂದು ಸಾಧನವಿದೆ. ಉದ್ದನೆಯ ಕೊಳವೆಯೊಂದರ ತುದಿಯನ್ನು ಎದುರುಗೋಡೆಗೆ ಆನಿಸಿ, ಹಿಡಿಕೆ ಒತ್ತಿದರೆ ಕಾರ್ಪೆಟ್ಟು ಹಿಗ್ಗುತ್ತದೆ. ಮೊಣಕಾಲಿಗೆ ಕೆಲಸವಿಲ್ಲ, ಬಿಗಿಯೂ ಹೆಚ್ಚು. ಜೋಡಿಸಲು ಹೊತ್ತು ಹಿಡಿಯುತ್ತದೆಂದು ಅವಸರದಲ್ಲಿ ಅದನ್ನು ಬಿಟ್ಟುಬಿಡುತ್ತಾರೆ. ಮಗಳ ಮನೆಗೆ ಬಂದಿದ್ದ ಫಿಟ್ಟರ್ ಐವತ್ತರ ಆಸುಪಾಸಿನವರು. ಮೆಟ್ಟಿಲು ಇಳಿಯುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿದು ಒಂದೊಂದೇ ಪಾದ ಊರುತ್ತಿದ್ದರು. ಕೂಲಿ ಮಾತಾಡುವಾಗ ಸ್ಟ್ರೆಚರ್ ಬಳಸುವುದಾದರೆ ಅರ್ಧ ದಿನದ ಹೆಚ್ಚಿನ ಕೂಲಿ ಕೊಡುವೆವೆಂದು ನೀವಾಗಿ ಹೇಳಿ. ಮೆಟ್ಟಿಲ ಇಕ್ಕಟ್ಟಿನಲ್ಲಿ ಮಾತ್ರ ಕಿಕರ್ ಅನಿವಾರ್ಯ.

● ಮೆಟ್ಟಿಲಿಗೆ ತೆಳುವಾದ, ಗಟ್ಟಿಯಾದ ಅಡಿಹಾಸು. ಅದು ಮೆಟ್ಟಿಲ ಮೂತಿಯನ್ನು ಬಳಸಿ ಕೆಳಕ್ಕೆ ಬಾಗಿರಬೇಕು, ಏಕೆಂದರೆ ಪಾದ ಬಿದ್ದು ಸವೆಯುವುದು ಆ ಮೂತಿಯೇ. ಮೆದು ಹಾಸು ಅಲ್ಲಿ ಅಪಾಯ. ಮೂತಿ ದುಂಡಾಗಿ ಪಾದ ಜಾರುತ್ತದೆ. ಕಾರ್ಪೆಟ್ಟಿನ ಎಳೆ ಕೆಳಮುಖವಾಗಿ ಮಲಗಿರಬೇಕು.

● ಹೊಸ ಮನೆಯ ನೆಲಗಾರೆ ಒಣಗಿತೆಂದು ಕಣ್ಣಿಗೆ ಕಂಡರೂ ಒಳಗೆ ಒದ್ದೆಯಿರುತ್ತದೆ. ಬ್ರಿಟನ್ನಿನ ಗಾರೆ ಕೆಲಸದವರ ಲೆಕ್ಕ ಹೀಗೆ: ಮೊದಲ 50 ಮಿ.ಮೀ. ದಪ್ಪಕ್ಕೆ ಮಿಲಿಮೀಟರಿಗೆ ಒಂದು ದಿನ, ಅದಕ್ಕಿಂತ ಮೇಲಿನ ಪ್ರತಿ ಮಿಲಿಮೀಟರಿಗೆ ಎರಡು ದಿನ. 75 ಮಿ.ಮೀ. ಗಾರೆಯೆಂದರೆ ನೂರು ದಿನ. ನೆಲದ ಮೇಲೆ ಮುಚ್ಚಿಟ್ಟ ತೇವಮಾಪಕ ಶೇ. 75 ಅಥವಾ ಅದಕ್ಕಿಂತ ಕಡಿಮೆ ತೋರಿಸುವವರೆಗೆ ಏನನ್ನೂ ಹಾಸಬಾರದು. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಅವಸರಪಟ್ಟರೆ ಅಡಿಹಾಸಿನ ಕೆಳಗೆ ಬೂಷ್ಟು ಬೆಳೆಯುತ್ತದೆ.

● ಮೇಲಿನ ಮನೆಯ ಹೆಜ್ಜೆಸದ್ದು ಕೆಳಗಿನವರಿಗೆ ಎಷ್ಟು ಕೇಳಬಹುದು? ಇಂಗ್ಲೆಂಡಿನ ಕಟ್ಟಡ ನಿಯಮ ಹೊಸ ಫ್ಲ್ಯಾಟುಗಳಿಗೆ 62 ಡೆಸಿಬೆಲ್ ಮಿತಿ ಹಾಕಿದೆ. ಅಳೆಯಲು ತರುವ ಯಂತ್ರದಲ್ಲಿ ಅರ್ಧ ಕಿಲೋ ತೂಕದ ಐದು ಸುತ್ತಿಗೆಗಳಿವೆ. ಅವು 4 ಸೆಂ.ಮೀ. ಎತ್ತರದಿಂದ ಸೆಕೆಂಡಿಗೆ ಹತ್ತು ಸಲ ನೆಲಕ್ಕೆ ಬೀಳುತ್ತವೆ. ಕೆಳಗಿನ ಕೋಣೆಯಲ್ಲಿ ಮೈಕ್ ಹಿಡಿದು ಅಳೆಯುತ್ತಾರೆ. ಪರೀಕ್ಷೆ ಸಾಮಾನ್ಯವಾಗಿ ಬರಿನೆಲದ ಮೇಲೆ ನಡೆಯುತ್ತದೆ, ಅಡಿಹಾಸು ಕಾರ್ಪೆಟ್ಟು ಕೊಡುವ ನೆಮ್ಮದಿ ಅದಕ್ಕೂ ಮಿಗಿಲು. ಓಡಾಡುವ ಮಗುವಿರುವ ಮನೆಯವರು ಕೆಳಗಿನವರ ನಿದ್ದೆ ನೆನೆದಾದರೂ ಒಳ್ಳೆಯ ಅಡಿಹಾಸು ಹಾಕಿಸಬೇಕು.

● ಬ್ರಿಟನ್ನಿನಲ್ಲಿ ಕಾರ್ಪೆಟ್ಟಿನ ಬೆಂಕಿ ಪರೀಕ್ಷೆಗೆ ಬೇಕಾದದ್ದು ಒಂದು ಉಕ್ಕಿನ ನಟ್ಟು. 900 ಡಿಗ್ರಿ ಸೆಲ್ಸಿಯಸ್ ತನಕ ಕಾಯಿಸಿ ಕಾರ್ಪೆಟ್ಟಿನ ಮೇಲಿಟ್ಟು, ಸುಡುವಿಕೆ ಎಷ್ಟು ದೂರ ಹಬ್ಬಿತೆಂದು ನೋಡುತ್ತಾರೆ. ಒಲೆಯಿಂದ ಸಿಡಿದು ಬೀಳುವ ಕೆಂಡದ ನೆನಪು ತರುವ ಪರೀಕ್ಷೆ.

● ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಮೆತ್ತನೆ ನೆಲವೆಂದರೆ ಮರಳಿನಲ್ಲಿ ಗಾಡಿ ತಳ್ಳಿದಂತೆ. ಅಮೆರಿಕದ ಅಂಗವಿಕಲರ ಹಕ್ಕಿನ ಕಾನೂನಿನಡಿಯ ಮಾನದಂಡ ಸಾರ್ವಜನಿಕ ಕಟ್ಟಡಗಳಲ್ಲಿ ಕಾರ್ಪೆಟ್ಟಿನ ಎಳೆ ಅರ್ಧ ಇಂಚು ಮೀರಬಾರದು, ಅಡಿಹಾಸು ಗಟ್ಟಿಯಾಗಿರಬೇಕು ಅಥವಾ ಇರಲೇಬಾರದು ಎನ್ನುತ್ತದೆ. ವಯಸ್ಸಾದ ತಂದೆತಾಯಿ ಊರಿಂದ ಬಂದಿರುವ ಮನೆಗಳಲ್ಲೂ ಇದನ್ನು ಯೋಚಿಸಬೇಕು. ಊರುಗೋಲು ಮೆತ್ತನೆಯಲ್ಲಿ ಹೂತು ವಾಲುತ್ತದೆ.

● ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಕ್ಕೆ ಅಡಿಹಾಸು ಬೇಕೇ? ಹೆಣ್ಣುಮಕ್ಕಳೇ ನೇಯುವ, ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಜಮಖಾನದಲ್ಲಿ ಮೇಲೆದ್ದು ನಿಂತ ಎಳೆಗಳೇ ಇಲ್ಲ, ಹಾಗಾಗಿ ಎಳೆ ಚಪ್ಪಟೆಯಾಗುವ ಭಯವಿಲ್ಲ. ಆದರೆ ಅದನ್ನು ಹಾಸುವ ನೆಲ ಬದಲಾಗಿದೆ. ಸಗಣಿ ಸಾರಿಸಿದ ನೆಲದಲ್ಲಿ, ಒರಟು ಶಹಾಬಾದ್ ಕಲ್ಲಿನಲ್ಲಿ ಕಚ್ಚಿ ಕೂರುತ್ತಿದ್ದ ಹಾಸು ಹೊಳಪಿನ ಗ್ರಾನೈಟು, ವಿಟ್ರಿಫೈಡ್ ಟೈಲಿನ ಮೇಲೆ ಸರ್ರನೆ ಜಾರುತ್ತದೆ. ಅಜ್ಜಿ ಅಜ್ಜನಿರುವ ಮನೆಯಲ್ಲಿ ಜಾರುವ ಜಮಖಾನ ಎಂದರೆ ಸೊಂಟದ ಮೂಳೆಗೆ ಕುತ್ತು. ಜಾಲರಿಯಂಥ ಜಾರುತಡೆ ಹಾಸು ತಂದು, ಜಮಖಾನಕ್ಕಿಂತ ಸುತ್ತ ಒಂದೆರಡು ಇಂಚು ಕಿರಿದಾಗಿ ಕತ್ತರಿಸಿ ಅಡಿಯಲ್ಲಿಡಿ. ಅಂಚು ನೆಲಕ್ಕೆ ಕೂರುತ್ತದೆ, ಕಾಲಿಗೆ ಎಡವುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎರಡನ್ನೂ ಎತ್ತಿ ನೆಲ ಒಣಗಲು ಬಿಡಿ.

● ಕೊನೆಯದಾಗಿ, ಹಳೆ ಹಾಸು ಹೋಗಿ ಹೊಸತು ಬರುವ ನಡುವಿನ ಆ ಒಂದು ಗಂಟೆ ನೆಲ ಬೆತ್ತಲೆಯಾಗಿರುತ್ತದೆ. ಕಿರುಗುಟ್ಟುವ ಹಲಗೆಗೆ ಸ್ಕ್ರೂ ಹಾಕಿಸಿ. ಆಮೇಲೆ ಅಳತೆಪಟ್ಟಿಯನ್ನು ನೆಲದ ಮೇಲೆ ಬಿಚ್ಚಿಟ್ಟು, ಕೊಳವೆ, ತಂತಿ ಹಾದಿರುವ ಕಡೆಗಳು ಗೋಡೆಯಿಂದ ಎಷ್ಟು ದೂರವೆಂದು ಕಾಣುವಂತೆ ಮೂಲೆಮೂಲೆಯ ಫೋಟೊ ತೆಗೆದಿಡಿ. ಮುಂದೊಂದು ಚಳಿಗಾಲದ ರಾತ್ರಿ ನೆಲದಡಿ ಕೊಳವೆ ಸೋರಿದಾಗ, ಕಾರ್ಪೆಟ್ಟಿನ ಯಾವ ಮೂಲೆ ಎತ್ತಬೇಕೆಂಬುದನ್ನು ಆ ಫೋಟೊ ಹೇಳುತ್ತದೆ.